ಹಗೇವು

ಮೊಳಕಾಲ್ಮೂರಿನ ಈಚೆ, ಚಿನ್ನಹಗರಿ ಇನ್ನೂ ಕಾಣದಿರುವಾಗಲೇ
ನೆಲ ಬೂದಿಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ನನ್ನ ಕೆಲಸ:
ಅಗೆದವರು ಅಗೆದಷ್ಟನ್ನೂ
ಚೌಕುಳಿ ಹಾಳೆಗೆ ಇಳಿಸುವುದು.
ಕಲ್ಲಿಗೆ ಗಟ್ಟಿ ಗೆರೆ, ಎಲುಬಿಗೆ ತೆಳು ಗೆರೆ,
ಗೊತ್ತಿಲ್ಲದ್ದಕ್ಕೆ ಚುಕ್ಕಿ.

ಊರಿನವರ ಗೋರಿಗಳು ಗುಡ್ಡದ ಮೇಲಿದ್ದವು:
ದುಂಡಗೆ ನಿಂತ ಬಂಡೆ, ಒಳಗೆ ಚಪ್ಪಡಿಯ ಕೋಣೆ,
ಮೂಡಣ ಚಪ್ಪಡಿಗೆ ತಲೆ ತೂರುವಷ್ಟು ಕಿಂಡಿ.
ಹೋದವರು ಹೊರಗೆ ಇಣುಕಲಿ ಅಂತಲೋ
ಇದ್ದವರು ಕೈ ಹಾಕಿ ಕೂಳಿಡಲಿ ಅಂತಲೋ.

ಇವನು ಅಲ್ಲಿರಲಿಲ್ಲ.
ಇವನು ಕೆಳಗೆ, ತಿಪ್ಪೆದಿಬ್ಬದ ಅಂಚಿಗೆ,
ಕಾಳು ಮುಗಿದ ಒಂದು ಗುಂಡಿಯಲ್ಲಿ,
ಬೋರಲು.
ಹಗ್ಗ ಕೊಳೆತು ಎರಡೂವರೆ ಸಾವಿರ ವರ್ಷವಾದರೂ
ಕೂಡಿದ ಕಾಲು ಬಿಚ್ಚಿಕೊಂಡಿರಲಿಲ್ಲ.
ಬೆನ್ನ ಮೇಲೆ ಒಡೆದ ಅರೆಗಲ್ಲು.
ಕೈಯಲ್ಲಿ ಶಂಖದ ಕಡಗ; ಅಂಥದ್ದು ಗುಡ್ಡದ ಒಂದು ಗೋರಿಯಲ್ಲೂ ಇಲ್ಲ.
ಪಕ್ಕೆಲುಬಿನ ನಡುವೆ ಬಾಣದ ಮೊನೆ; ಅಂಥವು
ಗುಡ್ಡದ ಎಲ್ಲ ಗೋರಿಯಲ್ಲೂ ಇವೆ.

ಸಾಹೇಬರು ಬರೆಸಿದರು: ಶೇಖರಣಾ ಗುಂಡಿ, ಸಂಖ್ಯೆ ಹದಿನಾಲ್ಕು.
ಬುಟ್ಟಿ ಹೊರುವ ಸಣ್ಣಬೋರಕ್ಕ ಇಣುಕಿ ನೋಡಿ ಅಂದಳು:
‘ಹಗೆ ಕಣಪ್ಪ ಇದು.’
ನಾನು ಅವನನ್ನು ಅಂದಳು ಅಂದುಕೊಂಡೆ.
ಅವಳು ಗುಂಡಿಯನ್ನು ಅಂದಿದ್ದಳು.
ಅವಳ ಅಜ್ಜನ ಕಾಲಕ್ಕೆ ಜೋಳ ಹುಗಿಯುವ ಹಗೇವು ಹೀಗೇ ಇತ್ತಂತೆ,
ಬಾಯಿ ಕಿರಿದು, ಹೊಟ್ಟೆ ಅಗಲ,
ತೆರೆದ ದಿನ ಒಳಗಿನ ಗಾಳಿಗೇ ಒಬ್ಬ ಆಳು ಸತ್ತಿದ್ದನಂತೆ.

ಕಾಳನ್ನೂ ಹಗೆಯನ್ನೂ ನಾವು ಒಂದೇ ಥರ ಇಟ್ಟುಕೊಂಡೆವು:
ಕತ್ತಲಲ್ಲಿ, ಮಣ್ಣು ಮೆತ್ತಿ,
ಬರ ಬಂದರೆ ಬೇಕಾಗುತ್ತದೆಂದು.

ಮಧ್ಯಾಹ್ನ ನಾನು ಕೂರುವುದು ಮುರುಕು ಗುಡಿಯ ಹಿಂದೆ,
ವೀರಗಲ್ಲಿನ ನೆರಳಿಗೆ. ಅದು ಇವನಿಗಿಂತ ಎಷ್ಟೋ ಈಚಿನದು.
ಕೆಳಗೆ ಕಾಳಗ, ನಡುವೆ ಚಾಮರದ ಹೆಣ್ಣುಗಳು,
ಮೇಲೆ ಲಿಂಗ, ಸೂರ್ಯ, ಚಂದ್ರ.
ಊರಿಗಾಗಿ ಸತ್ತವನು ಮೂರು ಅಂತಸ್ತು ಹತ್ತುತ್ತಾನೆ.
ಕುದುರೆ ಗೊರಸಿನಡಿ ಅಂಗಾತ ಬಿದ್ದ ಇನ್ನೊಬ್ಬ
ಕೆಳಗಿನ ಪಟ್ಟಿಯಲ್ಲೇ ಉಳಿಯುತ್ತಾನೆ.
ಕಲ್ಲುಕುಟಿಗ ಅವನಿಗೆ ಮೂಗು ಕಡೆದಿದ್ದಾನೆ, ಕಣ್ಣು ಕಡೆದಿಲ್ಲ.
ಮೊಸರನ್ನದ ಡಬ್ಬಿಯನ್ನು ನಾನು ಅವನ ಎತ್ತರಕ್ಕೇ ಇಡುತ್ತಿದ್ದೆ,
ಬೇರೆ ಜಾಗವಿರಲಿಲ್ಲ, ಅಷ್ಟೆ.

ಗುಂಡಿಯ ತಳ ಜರಡಿ ಹಿಡಿದಾಗ ಸುಟ್ಟ ಹುರುಳಿ ಸಿಕ್ಕಿತು,
ತಲೆಯ ಸುತ್ತ, ಒಂದು ಬೊಗಸೆ.
ನನಗೆ ಗಂಟಲುಬ್ಬಿ ಬಂತು: ಯಾರೋ ಒಬ್ಬರು,
ಹೆಂಗಸೇ ಇರಬೇಕು, ಕತ್ತಲಲ್ಲಿ ಬಂದು
ಹಗೆಗೂ ಒಂದು ತುತ್ತು —

‘ತುತ್ತಲ್ಲ ಬುಡು,’ ಅಂದಳು ಬೋರಕ್ಕ.
‘ಎಣಿಸ್ಲಿ ಅಂತ ಚೆಲ್ತಾರೆ. ಎಣಿಸಾದ್ರಾಗೆ ಕೋಳಿ ಕೂಗ್ತೈತೆ.’
ಹುರಿದೇ ಯಾಕೆ?
‘ಹಸೀದು ಹಾಕಿದ್ರೆ ಮೊಳ್ತು ಬುಡ್ತೈತಲ್ಲ, ಲೆಕ್ಕ ತಪ್ಪುತ್ತೆ.’

ಆ ರಾತ್ರಿ ಶೆಡ್ಡಿನಲ್ಲಿ ಬ್ಯಾಟರಿ ಹೊತ್ತಿಸಿ
ಚಿಮುಟ ಹಿಡಿದು ಎಣಿಸುತ್ತ ಕೂತವನು ನಾನು.
ಮುನ್ನೂರ ಹನ್ನೆರಡು.
ಅನುಮಾನ ಬಂದು ಮತ್ತೆ ಎಣಿಸಿದೆ, ಮುನ್ನೂರ ಒಂಬತ್ತು.
ಮತ್ತೆ.
ಊರ ಕಡೆಯಿಂದ ಕೋಳಿ ಕೂಗಿತು.

ಗುಂಡಿ ಮುಚ್ಚುವ ದಿನ
ಎಲುಬು ಪೆಟ್ಟಿಗೆಯಲ್ಲಿ, ಹತ್ತಿಯ ನಡುವೆ;
ಅರೆಗಲ್ಲು ಲಾರಿಯಲ್ಲಿ, ಮೈಮೇಲೆ ಬಿಳಿ ಬಣ್ಣದ ನಂಬರು.
ಕಾಗದದಲ್ಲಿ ಮೂರು ಬೇರೆ ಬೇರೆ ಕಪಾಟು.
ಬೋರಕ್ಕ ಪೆಟ್ಟಿಗೆಯ ಹತ್ತಿರ ಬಂದು ನಿಂತಳು.
‘ಕಲ್ಲು ತೆಗ್ದೀರಿ, ಕಾಳು ನೀವೇ ಎಣಿಸೀರಿ.
ಇನ್ನು ಎದ್ರೆ ಎಲ್ಲಿಗ್ ಹೋಗ್ಬೇಕು ಇವ್ನು?
ದುರ್ಗದಾಗೆ ಯಾರವ್ರೆ ಇವ್ನಿಗೆ?’

ನನ್ನ ಹಾಳೆಯಲ್ಲಿ ಅದಕ್ಕೆ ಗೆರೆಯಿರಲಿಲ್ಲ.

ಅವಳು ಲಾರಿ ಮುಖ ಮಾಡಿದ ಕಡೆಗಲ್ಲ,
ಹೊಳೆಯ ಕಡೆಗೆ ಗದ್ದ ಎತ್ತಿ,
ಸಂತೆಗೆ ಹೊರಟವನು ದಾರಿ ಕೇಳಿದರೆ ಹೇಳುವಂತೆ
ಪೆಟ್ಟಿಗೆಗೆ ಹೇಳಿದಳು:
‘ಹೊಳೆ ದಾಟು. ಈಗ ನೀರಿಲ್ಲ.
ದಾಟಿದ ಮ್ಯಾಲೆ ಯಾರನ್ನಾರ ಕೇಳು.’

ಆಮೇಲೆ ಬುಟ್ಟಿ ಬೋರಲು ಹಾಕಿ
ಬಟವಾಡೆಯ ಸಾಲಿಗೆ ಹೋದಳು.